ಹೊಳೆಯಾಚೆಯ ಕುಲ

ಪಿತಾಯಿ ಮಗ್ಗದ ಮುಂದೆ ಕಾಲು ಚಾಚಿ ಕುಳಿತು ಮಗಳಿಗೆ ನೇಯ್ಗೆ ಹೇಳಿಕೊಡುತ್ತಿದ್ದಳು. ಲಾವಾಳ ಕೈ ಚುರುಕು, ಆದರೆ ಆವತ್ತು ಎಳೆ ಮೇಲಿಂದ ಮೇಲೆ ತಪ್ಪುತ್ತಿತ್ತು. ಗದರಿಸಿದ ಮೇಲೆ ಹುಡುಗಿ ಬಾಯಿಬಿಟ್ಟಳು. ಹೊಳೆಯಾಚೆಯ ಹಾಯುಂಗನಿಂದ ಅವಳಿಗೆ ಮೂರು ತಿಂಗಳಾಗಿತ್ತು.

ಪಿತಾಯಿಗೆ ಸಿಟ್ಟು ಬಂತು, ಗಾಬರಿಯಾಗಲಿಲ್ಲ. ತೈವಾನಿನ ಈ ಬೆಟ್ಟಗಳಲ್ಲಿ ಇಂಥದ್ದಕ್ಕೆ ಮದ್ದಿತ್ತು. ಹುಡುಗನ ಕಡೆಯವರು ಹಂದಿ ತರಬೇಕು, ಎರಡೂ ಮನೆಯ ಬಳಗ ಅದನ್ನು ಪಾಲು ಹಾಕಿಕೊಂಡು ಉಣ್ಣಬೇಕು. ಅಲ್ಲಿಗೆ ದೋಷ ತೊಳೆದುಹೋಗಿ ಮದುವೆ ನಿಶ್ಚಯವಾಗುತ್ತಿತ್ತು. ಹಂದಿ ಕಡಿಯದಿದ್ದರೆ ಮಾತ್ರ ಕಷ್ಟ. ಬಸುರಿಯನ್ನು ಯಾರೂ ಮುಟ್ಟುವುದಿಲ್ಲ, ಹೆರಿಗೆಗೂ ಬರುವುದಿಲ್ಲ.

ಹಾಯುಂಗನ ಅಪ್ಪ ಹಂದಿ ಹೊರಿಸಿಕೊಂಡು ತೂಗುಸೇತುವೆ ದಾಟಿ ಬಂದ. ಪಿತಾಯಿಯ ಭಾವ, ಗಂಡನ ಅಣ್ಣ ತೆಮು, ದಾರಿಗೆ ಅಡ್ಡ ನಿಂತಿದ್ದ. ಅವಳ ಗಂಡ ಸತ್ತ ಮೇಲೆ ಆ ಮನೆಗೆ ಅವನೇ ಹಿರಿಯ. ಬೆಟ್ಟವನ್ನಾಳುತ್ತಿದ್ದ ಜಪಾನಿ ಪೊಲೀಸರು ಅವನನ್ನು ಊರಿನ ಮುಖಂಡನನ್ನಾಗಿ ಮಾಡಿ ಎದೆಗೊಂದು ಪದಕ ಚುಚ್ಚಿದ್ದರು. ಮಲಗುವಾಗಲೂ ಅದನ್ನು ತೆಗೆಯುವುದಿಲ್ಲವೆಂದು ಹೆಂಗಸರು ನಗುತ್ತಿದ್ದರು.

“ಅವರದು ಬೇರೆ ಕುಲ, ನಮ್ಮದು ಬೇರೆ. ಅವರ ಜೊತೆ ಹಂದಿ ಹಂಚ್ಕೊಂಡ್ರೆ ಪೂರ್ವಿಕರು ಸುಮ್ನಿರಲ್ಲ,” ಎಂದ ತೆಮು.

“ನಿಮ್ಮಮ್ಮ ಆ ದಡದವರೇ ಅಲ್ವಾ ಭಾವ? ನಂಗೆ ನೇಯ್ಗೆ ಕಲಿಸಿದ್ದೂ ಅವರೇ.”

“ಆಗ ನಮಗೆ ಗೊತ್ತಿರಲಿಲ್ಲ.”

ಏನು ಗೊತ್ತಿರಲಿಲ್ಲ? ಪಿತಾಯಿಗೆ ಎಲ್ಲ ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ ಜಪಾನಿನವರು ಬೆಟ್ಟ ಹತ್ತಿ ಬಂದಾಗ ಎರಡೂ ದಡದವರು ಒಂದೇ ಮಾತು ಆಡುತ್ತಿದ್ದರು, ಮುಖಕ್ಕೆ ಒಂದೇ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಯಾವನೋ ಪಂಡಿತ ಬಂದು ನಮ್ಮ ತಲೆ ಅಳೆದ, ಹಾಡು ಬರೆದುಕೊಂಡ. ಆಮೇಲೆ ಠಾಣೆಯ ಪುಸ್ತಕದಲ್ಲಿ ಈಚೆಗೊಂದು ಕುಲ, ಆಚೆಗೊಂದು ಕುಲ ಹುಟ್ಟಿಕೊಂಡವು. ಆ ದಡದ ದಂಗೆ ಅಡಗಿಸಲು ಈ ದಡದವರ ಕೈಗೇ ಬಂದೂಕು ಕೊಟ್ಟರು. ಸತ್ತವರು ಬೇರೆ ಕುಲದವರು ಎಂದುಕೊಂಡರೆ ಕೊಂದವರಿಗೆ ನಿದ್ದೆಯಾದರೂ ಬರುತ್ತದೆ. ಹಾಗಾಗಿ ಆ ಗೆರೆಯನ್ನು ಪೂರ್ವಿಕರೇ ಎಳೆದದ್ದೆಂದು ನಮ್ಮವರು ಬಲು ಬೇಗ ನಂಬಿಬಿಟ್ಟರು.

ಹಂದಿಯನ್ನು ಬಂದ ದಾರಿಯಲ್ಲೇ ಹೊತ್ತುಕೊಂಡು ಹೋದರು. ಪಿತಾಯಿ ಭಾವನ ಬಾಗಿಲಿಗೆ ಇನ್ನೂ ಎರಡು ಸಲ ಹೋಗಿ ಗೋಗರೆದಳು. ಅಷ್ಟರಲ್ಲಿ ಅವಮಾನಗೊಂಡ ಹಾಯುಂಗನ ಅಪ್ಪನೂ ಹೇಳಿಕಳಿಸಿದ, ನಿಮ್ಮದು ಬೇರೆ ಕುಲವಂತಲ್ಲ, ನಮ್ಮ ಹುಡುಗನಿಗೆ ನಮ್ಮ ಕುಲದಲ್ಲೇ ಹೆಣ್ಣು ಗೊತ್ತು ಮಾಡಿದ್ದೇವೆ ಎಂದು.

ದಿನ ತುಂಬಿದಾಗ, ಊರಾಚೆಯ ನವಣೆ ಹೊಲದ ಗುಡಿಸಲಲ್ಲಿ ಲಾವಾ ಎರಡು ಹಗಲು ನೋವು ತಿಂದಳು. ಮಗು ಅಡ್ಡ ತಿರುಗಿತ್ತು. ಪಿತಾಯಿ ಓಡಿಹೋಗಿ ಸೂಲಗಿತ್ತಿಯನ್ನು ಕರೆದಳು. ಆ ಮುದುಕಿ ಅಳುತ್ತಲೇ, ಹೊಟ್ಟೆಯನ್ನು ಹೇಗೆ ನೀವಬೇಕೆಂದು ತನ್ನ ಅಂಗಳದಿಂದಲೇ ಕೈಯಾಡಿಸಿ ತೋರಿಸಿದಳು. ಅಂಗಳ ಬಿಟ್ಟು ಕದಲಲಿಲ್ಲ.

“ಅಮ್ಮಾ, ಯಾರೂ ಬರಲ್ವಾ?” ಎಂದು ಲಾವಾ ಕೇಳುತ್ತಿದ್ದಳು. ಬರುತ್ತಾರೆ, ಹೊರಟಿದ್ದಾರೆ ಎಂದು ಪಿತಾಯಿ ಸುಳ್ಳು ಹೇಳುತ್ತಿದ್ದಳು. ಹೆಣ್ಣುಮಗು ಉಳಿಯಿತು. ಲಾವಾ ಉಳಿಯಲಿಲ್ಲ.

ಮಾರನೆಯ ದಿನ ಠಾಣೆಯ ಅಧಿಕಾರಿ ಹುಟ್ಟು ಸಾವು ಬರೆದುಕೊಳ್ಳಲು ಬಂದು, ಮಗು ಯಾವ ಕುಲವೆಂದು ಕೇಳಿದ. ನಮ್ಮದಲ್ಲ ಎಂದ ತೆಮು. ಯಾಕೆಂದು ವಿಚಾರಿಸಿ ತಿಳಿದ ಮೇಲೆ ಅಧಿಕಾರಿಗೆ ನಗು ಬಂತು.

“ಮದುವೆ ಬೇಡ ಅಂತ ನಿಮಗೆ ಯಾರಯ್ಯ ಹೇಳಿದ್ದು? ಎಣಿಸೋಕೆ ಅನುಕೂಲ ಆಗ್ಲಿ ಅಂತ ನಾವು ಹಾಗೆ ಬರ್ಕೊಂಡಿದ್ದು, ಅಷ್ಟೇ.”

ಪಿತಾಯಿಗೆ ಹೋದ ಜೀವ ಬಂದಂತಾಯಿತು. ಮಗುವನ್ನು ಎದೆಗೊತ್ತಿಕೊಂಡು ಭಾವನ ಮುಂದೆ ನಿಂತಳು.

“ಕೇಳಿಸ್ಕೊಂಡ್ರಾ ಭಾವ? ಬರೆದವರೇ ಹೇಳ್ತಿದಾರೆ. ಇದರ ಹೆಸರಲ್ಲಾದ್ರೂ ಒಂದು ಹಂದಿ ಕಡೀರಿ. ದೋಷ ಹೋಯ್ತು ಅಂದ್ರೆ ಯಾರಾದ್ರೂ ಹಾಲು ಕೊಡ್ತಾರೆ.”

ಅಧಿಕಾರಿ ಇಳಿಜಾರು ಇಳಿದು ಮರೆಯಾಗುವವರೆಗೂ ತೆಮು ಕೈಕಟ್ಟಿಕೊಂಡು ನಿಂತಿದ್ದ. ಆಮೇಲೆ ತಣ್ಣಗೆ ಹೇಳಿದ.

“ಎಲ್ಲಿಂದಲೋ ಬಂದವನು ಅವನು. ನಮ್ಮ ಹಿರಿಯರ ಕಟ್ಟಳೆ ಅವನಿಗೇನು ಗೊತ್ತು?”

ನವಣೆ ಗಂಜಿಯ ತಿಳಿ ಕುಡಿದುಕೊಂಡು ಆ ಮಗು ನಾಲ್ಕು ದಿನ ಬದುಕಿತ್ತು. ಊರಿನಲ್ಲಿ ಆಗ ಹಾಲೂಡಿಸುವ ತಾಯಂದಿರು ಮೂವರಿದ್ದರು.