ಜೀವರತ್ನ ನೀರು ಕೇಳಿದಳು

ಸಿರಿಗೇರಿಯ ಕ್ರೈಸ್ತ ಉಪದೇಶಿ ಮಾರೆಣ್ಣನ ಮಗಳು ಜೀವರತ್ನಳಿಗೆ ನಾಯಿ ಕಚ್ಚಿದ್ದು ೧೯೭೬ರ ಜನವರಿಯಲ್ಲಿ. ಹನ್ನೊಂದು ವರ್ಷದ ಹುಡುಗಿ. ಸಾಲೆಯಿಂದ ಬರುವಾಗ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಮರುದಿನ ಆ ನಾಯಿ ಕಾಲುವೆಯ ಏರಿಯ ಮೇಲೆ ಸತ್ತು ಬಿದ್ದಿತ್ತು.

ಹೆಂಡತಿ ಯಂಕಮ್ಮ ಹಟ ಹಿಡಿದು ಸಿರುಗುಪ್ಪದ ಆಸ್ಪತ್ರೆಗೆ ಕರೆದೊಯ್ದಳು. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಹಾಕಬೇಕೆಂದರು. ಎರಡು ಹಾಕಿಸಿದರು. ಮೂರನೆಯ ದಿನ ಹುಡುಗಿ ಬಸ್ಸು ಹತ್ತಲಾರೆನೆಂದು ನಡುಮನೆಯ ಕಂಬ ಅಪ್ಪಿಕೊಂಡು ಅತ್ತಳು.

"ಅಪ್ಪಾ, ಬ್ಯಾಡಪ್ಪಾ. ನೀನು ಪ್ರಾರ್ಥನಿ ಮಾಡು, ಸಾಕು."

ಮಾರೆಣ್ಣನ ಕರುಳು ಕರಗಿತು. ಜೊತೆಗೆ ಮಗಳ ಆ ಮಾತು ಅವನಿಗೆ ಒಳಗೊಳಗೇ ಹಿತವೆನಿಸಿತು. ಹನ್ನೆರಡು ವರ್ಷದಿಂದ ಅವನು ಕೇರಿಯ ಜನಕ್ಕೆ ನಂಬಿಕೆಯ ಮಾತು ಹೇಳಿದ್ದ. ಜ್ವರದವರ ತಲೆಯ ಮೇಲೆ ಕೈಯಿಟ್ಟಿದ್ದ.

"ಇನ್ನಾ ಹನ್ನೆರಡು ಉಳದಾವ್ರಿ," ಎಂದಳು ಯಂಕಮ್ಮ.

"ಊರಿಗೆಲ್ಲಾ ಹೇಳೋ ನಂಬಿಕಿ ನಮ್ಮ ಮನಿಗಿಲ್ಲೇನು? ಗಾಯ ಆಗ್ಲೇ ಒಣಗೈತಿ, ನೋಡಬಾರದಾ?"

ಗಾಯ ನಿಜಕ್ಕೂ ಒಣಗಿತ್ತು. ಮುಂದಿನ ಭಾನುವಾರ ತಗಡಿನ ಮಾಡಿನ ಪ್ರಾರ್ಥನಾ ಮಂದಿರದಲ್ಲಿ ಮಗಳನ್ನು ಎದುರಿಗೆ ನಿಲ್ಲಿಸಿ ಮಾರೆಣ್ಣ ಸಾಕ್ಷಿ ಹೇಳಿದ. ದೇವರು ಮುಟ್ಟಿದ ಮೇಲೆ ಸೂಜಿ ಯಾಕೆ ಎಂದ. ಜನ ಚಪ್ಪಾಳೆ ತಟ್ಟಿದರು. ಯಂಕಮ್ಮ ತಟ್ಟಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಗ್ಗೆ ಜೀವರತ್ನ ಒಣಗಿದ ಗಾಯವನ್ನು ಕೆರೆದುಕೊಳ್ಳತೊಡಗಿದಳು. ಮಧ್ಯಾಹ್ನ ನೀರಿನ ಚೊಂಬು ಬಾಯಿಗಿಟ್ಟವಳು ಕಿಟಾರನೆ ಕಿರುಚಿ ಎಸೆದಳು. ಗಂಟಲು ಯಾರೋ ಹಿಚುಕಿದಂತಾಯಿತು ಎಂದಳು. ಇದು ಹುಚ್ಚುನಾಯಿ ರೋಗವೆಂದು ಯಂಕಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಪಡಸಾಲೆಯ ತುದಿಯ ಕೋಣೆಗೆ ಸೇರಿಸಿದರು. ಕಿಟಕಿಗೆ ಕಬ್ಬಿಣದ ಕಂಬಿ, ಬಾಗಿಲಿಗೆ ಹೊರಗಿನಿಂದ ಅಗುಳಿ. ಗಾಳಿ ತಾಗಿದರೂ ಹುಡುಗಿಯ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಡಾಕ್ಟರು ಮಾರೆಣ್ಣನನ್ನು ಪಕ್ಕಕ್ಕೆ ಕರೆದು, "ಇದಕ್ಕೆ ಔಷಧ ಇಲ್ಲ. ನಿದ್ದೆ ಬರೋ ಹಾಗೆ ಮಾಡಬಹುದು, ಅಷ್ಟೇ. ಎಷ್ಟು ಸೂಜಿ ಹಾಕಿಸಿದ್ರಿ?" ಎಂದು ಕೇಳಿದರು.

"ಎರಡು."

ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಮಾರೆಣ್ಣನಿಗೆ.

ಅವನು ಕಿಟಕಿಯ ಹೊರಗೆ ಮೊಣಕಾಲೂರಿದ. "ಕರ್ತನೇ, ಯಾಕ ಬಿಟ್ಟಿ? ನಿನ್ನ ಹೆಸರು ಹೇಳಿಕೊಂತ ಊರೂರು ತಿರುಗಿದೆನಲ್ಲ, ನನ್ನ ಕೂಸೇ ಬೇಕಾಗಿತ್ತಾ?"

ಹಿಂದೆ ನಿಂತಿದ್ದ ಯಂಕಮ್ಮ ಮೆಲ್ಲಗೆ ಹೇಳಿದಳು: "ಆತ ಸಿರುಗುಪ್ಪದಾಗ ಸೂಜಿ ಇಟ್ಟಿದ್ದ. ಹೋಗದವ್ರು ನೀವು. ಆತನ್ನ ಯಾಕ ಕೇಳ್ತೀರಿ?"

ಆ ಮಾತು ಮೊಳೆಯಂತೆ ನಾಟಿತು. ಹೌದು, ಕೊಂದವನು ತಾನೇ. ದೇವರು ಮನುಷ್ಯನಿಗೆ ಕೈಕಾಲು, ಬುದ್ಧಿ ಕೊಟ್ಟು ಸ್ವತಂತ್ರನನ್ನಾಗಿ ಬಿಟ್ಟಿದ್ದಾನೆ. ಆ ಸ್ವಾತಂತ್ರ್ಯದ ಬೆಲೆ ಮಗಳು ತೆರುತ್ತಿದ್ದಾಳೆ. ಅವನಿಗೆ ಬದುಕುವುದು ಬೇಡವೆನಿಸಿತು. ಆದರೂ, ಎಷ್ಟು ಭಯಂಕರವಾದರೂ ಅದೊಂದು ಉತ್ತರವಾಗಿತ್ತು.

ಆ ಉತ್ತರವೂ ಸಂಜೆಯವರೆಗೆ ಉಳಿಯಲಿಲ್ಲ. ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ಕುರುಗೋಡಿನ ಚನ್ನಬಸಮ್ಮ ಎಂಬ ಹೆಂಗಸಿದ್ದಳು. ನರಿಯೊಂದು ಹೊಲದಲ್ಲಿ ಅವಳ ಕೆನ್ನೆಗೆ ಕಚ್ಚಿತ್ತಂತೆ. ಅವಳ ಗಂಡ ಗಾದಿಲಿಂಗಪ್ಪ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದ.

"ನೀವು ಸೂಜಿ ಹಾಕಿಸಿದ್ದಿಲ್ಲೇನ್ರಿ?" ಮಾರೆಣ್ಣ ಕೇಳಿದ.

"ಹದಿನಾಲ್ಕೂ ಹಾಕಿಸಿವ್ರಿ. ಕಚ್ಚಿದ ದಿನಾನೇ ಚಕ್ಕಡಿ ಕಟ್ಟಿಸಿ ಹೊಂಟ್ವಿ. ಒಂದು ದಿನ ತಪ್ಪಸಲಿಲ್ಲ. ಮುಖಕ್ಕ ಕಚ್ಚಿದ್ರ ವಿಷ ಲಗೂನ ತಲಿಗೆ ಏರತೈತಂತ, ಡಾಕ್ಟ್ರು ಹೇಳಿದ್ರು." ಗಾದಿಲಿಂಗಪ್ಪ ತಲೆಯೆತ್ತಿದ. "ಉಪದೇಶಿ ಅಂತಲ್ರಿ ನೀವು? ನಮ್ಮದೇನು ತಪ್ಪಾತು, ಹೇಳ್ರಿ."

ಇಂಥ ಪ್ರಶ್ನೆಗೆ ಮಾರೆಣ್ಣ ಹನ್ನೆರಡು ವರ್ಷ ಉತ್ತರ ಹೇಳಿದ್ದ: ಪರೀಕ್ಷೆ, ಶಿಕ್ಷೆ, ದೇವರ ಗುಟ್ಟಾದ ಯೋಜನೆ. ಈಗ ನೋಡಿದರೆ, ತಪ್ಪು ಮಾಡಿದವನ ಮಗಳೂ ಅಲ್ಲೇ, ತಪ್ಪು ಮಾಡದವನ ಹೆಂಡತಿಯೂ ಅಲ್ಲೇ, ನಡುವೆ ಒಂದು ಬಟ್ಟೆಯ ಪರದೆ. "ನನಗ ಗೊತ್ತಿಲ್ಲಪ್ಪಾ," ಎಂದ. ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತ.

ಎರಡನೆಯ ದಿನ ಮಧ್ಯಾಹ್ನ ಒಳಗಿನಿಂದ ಜೀವರತ್ನಳ ದನಿ ಕೇಳಿತು. ಬುದ್ಧಿ ತಿಳಿಯಾಗಿತ್ತು.

"ಅವ್ವಾ, ನೀರು. ಅಪ್ಪಾ, ಬಾಯಾರೇತಿ."

ಜೊಲ್ಲಿನಿಂದಲೂ ರೋಗ ತಗುಲಬಹುದು, ಒಳಗೆ ಹೋಗಬೇಡಿ ಎಂದು ನರ್ಸು ಎಚ್ಚರಿಸಿದ್ದಳು. ಯಂಕಮ್ಮ ಅಗುಳಿ ತೆಗೆದು ಒಳಗೆ ನಡೆದಳು. ಮಂಚದ ಮೇಲೆ ಕುಳಿತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೆರಗಿನ ಅಂಚನ್ನು ಒದ್ದೆ ಮಾಡಿ ತುಟಿಗೆ ತಾಗಿಸಿದಳು. ಅಷ್ಟಕ್ಕೇ ಹುಡುಗಿಯ ಮೈಯೆಲ್ಲ ಸೆಟೆದು ನಡುಗಿತು. ಯಂಕಮ್ಮ ಬಿಡಲಿಲ್ಲ.

ಕಂಬಿ ಹಿಡಿದು ನಿಂತಿದ್ದ ಮಾರೆಣ್ಣನಿಗೆ ಶಿಲುಬೆಯ ಮೇಲಿನವನ ನೆನಪಾಯಿತು. ಅವನೂ ನೀರು ಕೇಳಿದ್ದ. ಯಾಕೆ ಕೈಬಿಟ್ಟೆ ಎಂದು ಅವನೂ ಕೂಗಿದ್ದ; ಮೇಲಿನಿಂದ ಯಾರೂ ಉತ್ತರ ಕೊಟ್ಟಿರಲಿಲ್ಲ. ಇಷ್ಟು ವರ್ಷ ಮಾರೆಣ್ಣ ಆ ಕಥೆಯನ್ನು ಅವನು ಸತ್ತ ಶುಕ್ರವಾರದಿಂದ ಮತ್ತೆ ಎದ್ದುಬಂದ ಭಾನುವಾರಕ್ಕೆ ಒಂದೇ ಉಸಿರಿನಲ್ಲಿ ದಾಟಿಸಿಬಿಡುತ್ತಿದ್ದ. ಈಗ ಆ ಶುಕ್ರವಾರದಿಂದ ಮುಂದಕ್ಕೆ ಕಾಲು ಏಳಲಿಲ್ಲ. ದೇವರು ಎಲ್ಲಾದರೂ ಇದ್ದರೆ ತನ್ನ ಹಾಗೆ ಹೊರಗೆ ನಿಂತಿರಲಾರ, ಒಳಗೆ ಆ ಮಂಚದ ಮೇಲಿರಬೇಕು ಎನಿಸಿತು. ಸಮಾಧಾನವೇನೂ ಆಗಲಿಲ್ಲ. ಆದರೆ ಹೊರಗೆ ನಿಲ್ಲಲಾಗಲಿಲ್ಲ. ಅವನೂ ಒಳಗೆ ಹೋದ.

"ಅಪ್ಪಾ," ಎಂದಳು ಜೀವರತ್ನ, "ನಾ ಸೂಜಿಗೆ ಅಂಜಿದ್ದಕ್ಕ ಹಿಂಗಾತೇನು?"

"ಇಲ್ಲವ್ವಾ. ನೀ ಕೂಸು. ಅಂಜಿದ್ದು ತಪ್ಪಲ್ಲ. ತಪ್ಪು ನಂದು. ನಿನ್ನ ಹೊತ್ಕೊಂಡಾದರೂ ಹೋಗಬೇಕಾಗಿತ್ತು."

ಅವಳು ತಂದೆಯ ಹೆಬ್ಬೆರಳು ಹಿಡಿದುಕೊಂಡಳು. "ಪ್ರಾರ್ಥನಿ ಮಾಡು," ಎಂದಳು. ಅವನು ಬಾಯಿ ತೆರೆದ. ಬರೀ ಅಳು ಬಂತು. ಮೂರನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಪರದೆಯ ಆಚೆ ಚನ್ನಬಸಮ್ಮ ಬೆಳಗ್ಗೆಯೇ ಹೋಗಿದ್ದಳು.

ಮಣ್ಣು ಮಾಡಿದ ನಂತರದ ಭಾನುವಾರ ಮಾರೆಣ್ಣ ಮಂದಿರದಲ್ಲಿ ಎದ್ದುನಿಂತ. "ನಾನು ಹೇಳಿದ ಸಾಕ್ಷಿ ಸುಳ್ಳು," ಎಂದ. "ಅದು ನಂಬಿಕಿ ಅಲ್ಲ, ನನ್ನ ಸೊಕ್ಕು. ಯಾರಿಗಾದ್ರೂ ನಾಯಿ ಕಚ್ಚಿದ್ರ ಮೊದಲು ಸಿರುಗುಪ್ಪದ ಬಸ್ಸು ಹತ್ರಿ."

ಹಿರಿಯ ಎರ್ರೆಪ್ಪ ಎದ್ದು ಸಮಾಧಾನ ಹೇಳಿದ: "ಹೋಗ್ಲಿ ಬಿಡಪ್ಪಾ. ದೇವರ ಚಿತ್ತ ಹಂಗಿತ್ತು."

ಹೆಂಗಸರ ಸಾಲಿನಿಂದ ಯಂಕಮ್ಮನ ದನಿ ಬಂತು. "ಅದು ಆತನ ಚಿತ್ತ ಅಂತ ನನ್ನ ಮುಂದ ಅನ್ನಬ್ಯಾಡ್ರಿ. ನನ್ನ ಕೂಸು ನೀರಿಗೆ ಒದ್ದಾಡಿ ಸತ್ತಿದ್ದು ಆತನಿಗೆ ಬೇಕಾಗಿತ್ತು ಅಂದ್ರ ನಾ ಈ ಬಾಗಿಲು ತುಳ್ಯಾಂಗಿಲ್ಲ. ಯಾಕ ಬಿಟ್ಟಿ ಅಂತ ದಿನಾ ಕೇಳ್ತೀನಿ. ಹೇಳವಲ್ಲ. ಆದ್ರ ಕೇಳಾಕ ನನಗ ಬ್ಯಾರೆ ಯಾರದಾರ?"

ಎರ್ರೆಪ್ಪ ತಲೆ ತಗ್ಗಿಸಿ ಕುಳಿತ.

ಮಾರೆಣ್ಣ ಉಪದೇಶಿಯ ಕೆಲಸ ಬಿಡುತ್ತೇನೆಂದು ಬಳ್ಳಾರಿಯ ಪಾದ್ರಿ ಅಯ್ಯನವರಿಗೆ ಕಾಗದ ಬರೆದ. ಅಂದು ಮಧ್ಯಾಹ್ನ ಯಂಕಮ್ಮ ರೊಟ್ಟಿ ತಟ್ಟಿ ಗಂಗಾಳಕ್ಕೆ ಬಡಿಸಿ ಅವನ ಮುಂದಿಟ್ಟಳು. ಮಗಳು ಹೋದ ಮೇಲೆ ಅವಳು ಅವನೊಂದಿಗೆ ಮಾತಾಡಿರಲಿಲ್ಲ. ಅವನು ಉಣ್ಣದೆ ಕುಳಿತೇ ಇದ್ದ.

"ನನ್ನ ಮ್ಯಾಲ ಸಿಟ್ಟೈತಿ ನಿನಗ," ಎಂದ.

"ಐತಿ. ನಿಮ್ಮ ಮ್ಯಾಲೂ ಐತಿ, ಆತನ ಮ್ಯಾಲೂ ಐತಿ. ಇಬ್ಬರನ್ನೂ ಬಿಡಾಕ ಆಗವಲ್ದು." ಅವಳು ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದಳು. "ಉಣ್ರಿ, ಆರತೈತಿ."