ಸಿದ್ದರಾಮನ ಮಾಡ, ಆನಂದೀಬಾಯಿಯ ದೀಪ

ಗೋಳಗುಮ್ಮಟದೊಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ. ಅದರ ಬೆನ್ನಿಗಿರುವ ಓಣಿಯಲ್ಲಿ, ಸಿದ್ದರಾಮನ ಮನೆಯ ನಡುಗೋಡೆಗೆ ಒಮ್ಮೆ ಪಿಸುಗುಟ್ಟಿದರೆ ಹನ್ನೊಂದು ಸಲ ಕೇಳುತ್ತದೆ. ಮೇಲಾಗಿ ಆ ಗೋಡೆ ದಿನಾ ಮುಂಜಾನೆ ಎದ್ದು ತಾನೇ ಗಂಟೆ ಬಾರಿಸಿ ಮಂತ್ರ ಹೇಳುತ್ತದೆ. ಹೀಗಂತ ಸಿದ್ದರಾಮನೇ ಊರೆಲ್ಲ ಸಾರಿದ್ದ. ಸಾರಿ ಸಾರಿ ಅವನ ದವಡೆ ಸೋತಿತ್ತು.

ಎಲ್ಲ ಶುರುವಾದದ್ದು ಟಿಕೋಟಾದಲ್ಲಿರುವ ಹೆಂಡತಿಯ ಅಕ್ಕನ ಮನೆಯಿಂದ. ಅಲ್ಲಿ ಗೋಡೆಯೊಳಗಿನ ಗೂಡಿಗೆ ಬಣ್ಣದ ದೀಪ ಹಾಕಿದ್ದನ್ನು ನೋಡಿ ಬಂದ ಹೆಂಡತಿ ಸೌಭಾಗ್ಯ, ನಮ್ಮ ಮಾಡಕ್ಕೂ ಹಾಗೇ ಆಗಬೇಕು ಎಂದಳು. ಸಿದ್ದರಾಮ ಮೂರು ಲೋಕಕ್ಕೂ ಪ್ರಶ್ನೆ ಕೇಳಿದ. ಹಸಿ ಗೋಡೆಗೆ ಡಿಸ್ಟೆಂಪರ್ ಬಣ್ಣ ಹಿಡಿಯುತ್ತದೋ, ಮೊದಲು ಪುಟ್ಟಿ ಬಳಿಯಬೇಕೋ? ಮಾಡ ಎಷ್ಟು ಆಳ ಇದ್ದರೆ ಚೆಂದ? ಪಕ್ಕದ ಮನೆಯ ಆನಂದೀಬಾಯಿಯನ್ನು ಮಾತ್ರ ಏನೂ ಕೇಳಲಿಲ್ಲ. ಆ ಸಾಲಿನ ಹಳೆಯ ಮನೆಗಳಲ್ಲಿ ಎರಡು ಮನೆಗೆ ಗೋಡೆ ಒಂದೇ. ಈ ಕಡೆ ಮಾಡವಿದ್ದಲ್ಲಿ ಆ ಕಡೆಯೂ ಒಂದು ಮಾಡ, ಬೆನ್ನಿಗೆ ಬೆನ್ನು. ಅವನು ಉಳಿ ಹಿಡಿದು ಇನ್ನಷ್ಟು ಆಳ ಮಾಡಲು ಹೋದ. ಮಣ್ಣಿನ ಹೆಂಟೆಯೊಂದು ಕಳಚಿ ಬಿತ್ತು. ಆ ಕಡೆ ಆನಂದೀಬಾಯಿಯ ದೇವರ ಫೋಟೋದ ಬೆನ್ನು ಕಂಡಿತು.

ಅವನು ಉಸಿರೆತ್ತದೆ ಆ ತೂತಿನ ಮೇಲೆ ಹೂವಿನ ಕಾಗದ ಅಂಟಿಸಿದ, ಸುತ್ತ ನೀಲಿ ಲೈಟು ಹಾಕಿದ. ತೂತಿನಿಂದ ಬರುವ ಪೂಜೆಯ ಗಂಟೆಯ ಸದ್ದು ಕೇಳಿದವರಿಗೆ ಗುಮ್ಮಟದಂತೆ ಮಾತಾಡುವ ಗೋಡೆಯ ಕತೆ ಹೇಳಿದ. ಆದರೆ ಗೋಡೆ ಹಸಿ, ಕಾಗದದ ಕೆಳಗಿನ ಅಂಚು ಹಿಡಿಯಲೇ ಇಲ್ಲ. ಫ್ಯಾನ್ ಹಾಕಿದಾಗೆಲ್ಲ ಗಾಳಿ ಅಲ್ಲಿಂದ ನುಸುಳಿ ಆ ಕಡೆ ಆನಂದೀಬಾಯಿಯ ದೇವರ ದೀಪ ಆರಿಸುತ್ತಿತ್ತು. ಅದು ಗೊತ್ತಾದಾಗಿನಿಂದ ಅವನ ಮನೆಯ ಫ್ಯಾನ್ ಬಂದ್ ಆಗಿತ್ತು. ವಿಜಯಪುರದ ಬಿಸಿಲಿಗೆ ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗಲು ಬದಲಿಸುತ್ತ ಅವನಿಗೆ ನಿದ್ದೆ ಎಂಬುದೇ ಮರೆತುಹೋಗಿತ್ತು.

ಅವತ್ತು ಮಧ್ಯಾಹ್ನ ಟಿಕೋಟಾದ ರುದ್ರವ್ವ, ಸೌಭಾಗ್ಯಳ ಅಕ್ಕ, ಮಾಡ ನೋಡಲು ಬಂದಳು.

"ಏನ ಝಳಾನೋ ಯಪ್ಪಾ! ಫ್ಯಾನ್ ಹಚ್ಚಬೇ ಸೌಭಾಗ್ಯ."

"ಬ್ಯಾಡ್ರಿ ಅಕ್ಕಾರ," ಸಿದ್ದರಾಮ ಬೆವರು ಒರೆಸಿಕೊಂಡ. "ನಮ್ಮ ಗ್ವಾಡಿನ ಎಸಿ ಇದ್ದಂಗ. ರಾತ್ರಿ ನಾ ಕೌದಿ ಹೊದ್ದ ಮಲಗತೇನಿ."

"ಕೌದಿ ಹೊದ್ದರ ಹೆಣಾ ಆಗ್ತೀರಿ," ಎನ್ನುತ್ತ ಸೌಭಾಗ್ಯ ಸ್ವಿಚ್ ಒತ್ತಿದಳು.

ಕಾಗದ ಪಟಪಟ ಎಂದಿತು. ಗೋಡೆಯೊಳಗಿಂದ ದನಿ ಬಂತು: "ಅಯ್ಯ ದೇವರೇ, ದೀಪ ಮತ್ತ ಆರ್ತಲ್ಲೋ!"

"ಖರೇನ ಮಾತಾಡತೈತಿ!" ರುದ್ರವ್ವ ಕಣ್ಣರಳಿಸಿದಳು.

ಸಿದ್ದರಾಮ ಓಡಿ ಫ್ಯಾನ್ ಆರಿಸಿದ. ಆ ಕಡೆ ಆನಂದೀಬಾಯಿ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದಳು: "ವೇದವ್ಯಾಸಾ, ನಾಳಿ ಕಣ್ಣಿನ ಆಪರೇಶನ್ ಬ್ಯಾಡೋ. ದೇವರು ಬ್ಯಾಡ ಅನ್ನಲಿಕ್ಕತ್ತಾನ. ಕುರುಡಿ ಆದ್ರ ಆಗ್ತೇನಿ, ಅಪಶಕುನ ಮೀರಿ ಹೋಗಂಗಿಲ್ಲ."

ಸಿದ್ದರಾಮ ಗೋಡೆಗೆ ಒರಗಿದ. ಇನ್ನೊಂದು ಸುಳ್ಳು ಹುಡುಕಿದರೆ ಮುದುಕಿಯ ಕಣ್ಣೇ ಹೋಗುತ್ತಿತ್ತು.

"ಬಾಯಾರ," ಎಂದ ಮಾಡದ ಹತ್ತಿರ ಬಾಗಿ, "ದೇವರು ಏನೂ ಅಂದಿಲ್ರಿ."

ಆ ಕಡೆ ಫೋಟೋ ಸರಿದ ಸದ್ದಾಯಿತು. ಹೂವಿನ ಕಾಗದ ಪರ್ರನೆ ಹರಿದು, ಹಸಿರು ಬಳೆ ತೊಟ್ಟ ಮುದಿ ಕೈಯೊಂದು ನೀಲಿ ಬೆಳಕಿಗೆ ಬಂತು. ರುದ್ರವ್ವ ಕಿರುಚಿ ಹೊಸ್ತಿಲು ದಾಟಿದಳು.

"ಸಿದ್ದರಾಮಾ," ಗೋಡೆ ಕೇಳಿತು, "ನಿಮ್ಮ ಗ್ವಾಡಿ ಹನ್ನೊಂದ ಸಲ ಮಾತಾಡತದಂತಲ್ಲ, ಹನ್ನೆರಡನೇದು ನಾ ಆಡ್ಲೇನು?"

"ಸಣ್ಣ ತೂತ್ರಿ ಬಾಯಾರ. ಸೂಜಿ ಹೋಗೂವಷ್ಟು."

ಕೈ ಮೊಣಕೈತನಕ ಒಳಗೆ ಬಂದು ಅವನ ಅಂಗಿಯ ತೋಳು ಹಿಡಿಯಿತು.

"ಎಷ್ಟು?"

"ತೆಂಗಿನಕಾಯಿ ಹೋಗೂವಷ್ಟ್ರಿ. ನಾನ ಉಳಿ ಹಾಕಿ ಒಡದೇನಿ. ದೀಪ ಆರಿಸಿದ್ದು ನಮ್ಮ ಫ್ಯಾನ್ರಿ. ಗ್ವಾಡಿಗೆ ಯಾವ ದನಿನೂ ಇಲ್ಲ, ನಿಮ್ಮ ಗಂಟಿ ಸಪ್ಪಳಾನ ಅದು. ನಾಳೆ ಆಪರೇಶನ್ ಮಾಡಿಸಿಕೊಳ್ರಿ. ಕಣ್ಣ ಬಂದ ಮ್ಯಾಲೆ ನೀವ ತೂತು ನೋಡಿ, ಹೆಂಗ ಮುಚ್ಚಬೇಕು ಹೇಳ್ರಿ, ಹಂಗ ಮುಚ್ಚತೇನಿ."