ಸೊಟ್ಟ ಅಕ್ಷರದ ಬೋರ್ಡು

ಕುಡುಕ ಅಂದರೆ ಯಾರು? ಚರಂಡಿಯಲ್ಲಿ ಬಿದ್ದವನು, ಹೆಂಡತಿಗೆ ಹೊಡೆಯುವವನು, ಕೆಲಸಕ್ಕೆ ಚಕ್ಕರ್ ಹಾಕುವವನು. ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಹಾಗಾಗಿ ಬೋರ್ಡು ಬರೆಯುವ ಪೇಂಟರನನ್ನು ಯಾರೂ ಕುಡುಕ ಅನ್ನುತ್ತಿರಲಿಲ್ಲ. ಅವನು ಯಾರ ಮೇಲೂ ಕೈ ಎತ್ತಿದವನಲ್ಲ, ಒಪ್ಪಿಕೊಂಡ ಕೆಲಸ ಬಿಟ್ಟವನಲ್ಲ. ಸ್ಕೇಲು ಹಿಡಿಯದೆ ಗೆರೆ ಎಳೆದರೂ ಕೂದಲೆಳೆಯಷ್ಟೂ ಆಚೀಚೆ ಆಗದು ಎಂದು ಬೀದಿಯವರು ಅವನಿಗೆ ನೇರಗೆರೆ ಎಂದೇ ಹೆಸರಿಟ್ಟಿದ್ದರು. ಬಣ್ಣ ಕಲಸಿ ಕೊಡುವ ಅವನ ಹೆಂಡತಿ ಎಲ್ಲರಿಗೂ ಬಣ್ಣದಕ್ಕ.

ಆ ಅಂಗಡಿಯ ಬೆಳಗಿನ ಪದ್ಧತಿ ಮಾತ್ರ ಬೀದಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆಯುವ ಮುಂಚೆ ನೇರಗೆರೆ ಒಂದು ಹಳೆಯ ತಗಡಿನ ಮೇಲೆ ಗೆರೆ ಎಳೆದು ನೋಡುತ್ತಿದ್ದ. ಗೆರೆ ನಡುಗಿದರೆ ಬಣ್ಣದಕ್ಕ ಟರ್ಪೆಂಟೈನ್ ಡಬ್ಬಿಗಳ ಹಿಂದಿನಿಂದ ಬಾಟಲಿ ತೆಗೆದು, ಲೋಟಕ್ಕೆ ಒಂದಿಷ್ಟು ಸುರಿದು ಕೊಡುತ್ತಿದ್ದಳು. ಕುಡಿದು, ಸ್ವಲ್ಪ ಹೊತ್ತು ಕೂತು, ಮತ್ತೆ ಎಳೆದರೆ ಗೆರೆ ನೆಟ್ಟಗೆ ಬರುತ್ತಿತ್ತು. ಇದಕ್ಕೆ ಗಂಡ ಹೆಂಡತಿ ಇಟ್ಟ ಹೆಸರು ಬೆಳಗಿನ ಔಷಧಿ. ಗೆರೆ ನೆಟ್ಟಗಿರುವ ತನಕ ಗಂಡನೂ ನೆಟ್ಟಗಿದ್ದಾನೆ ಎಂದು ಅವಳು ನಂಬಿದ್ದಳು. ಮೊದಮೊದಲು ಲೋಟದ ತಳ ಮುಚ್ಚುವಷ್ಟು ಸಾಕಾಗುತ್ತಿತ್ತು. ಆಮೇಲೆ ಅರ್ಧ ಲೋಟ ಬೇಕಾಯಿತು, ಆಮೇಲೆ ತುಂಬಿದ ಲೋಟವೂ ಸಾಲದಾಯಿತು. ದಿನಾ ನೋಡುವ ಕಣ್ಣಿಗೆ ಇಂಥದ್ದು ಬೇಗ ಕಾಣುವುದಿಲ್ಲ.

ಒಂದು ದಿನ ಶಾಲೆಯ ಗೇಟಿನ ಮೇಲೆ ಹೆಸರು ಬರೆಯುತ್ತಿದ್ದವನು ಏಣಿಯಿಂದ ಜಾರಿ ಬಿದ್ದ. ಕೆಳಗೆ ಮಕ್ಕಳು ಸಾಲಾಗಿ ಹೋಗುತ್ತಿದ್ದರು. ಬಣ್ಣದ ಡಬ್ಬಿ ಒಂದು ಮಗುವಿನ ಕಿವಿಯ ಪಕ್ಕದಲ್ಲೇ ಹಾದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ ನಿಜ, ಆದರೆ ಕೆಳಗೆ ನಿಂತು ಬಣ್ಣ ಕಲಸುತ್ತಿದ್ದ ಬಣ್ಣದಕ್ಕ ಎಲ್ಲವನ್ನೂ ಕಣ್ಣಾರೆ ಕಂಡಳು. ಮನೆಗೆ ಬಂದವಳೇ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದಳು. ಜೊತೆಯಲ್ಲೇ ಇದ್ದ ಅತ್ತೆ, ನೇರಗೆರೆಯ ತಾಯಿ, ಸೈ ಅಂದರು. ಗಂಡಸಿಗೆ ಛಲ ಇದ್ದರೆ ಒಂದೇ ದಿನದಲ್ಲಿ ಬಿಡಬಹುದು, ಇವನಿಗೆ ಛಲ ಬರುವ ಹಾಗೆ ಮಾಡಿದರಾಯಿತು ಎಂದು ಅವರ ವಾದ. ಉಪ್ಪು ಎಷ್ಟು ಹಾಕಬೇಕು ಎಂಬ ವಿಷಯಕ್ಕೂ ಒಂದಾಗದ ಅತ್ತೆ ಸೊಸೆ ಅವತ್ತು ಒಂದಾದರು. ಇಬ್ಬರೂ ಸೇರಿ ಅವನನ್ನು ಹಿಂದಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು.

ಮಾರನೆಯ ದಿನ ಚಿಲಕ ತೆಗೆದು ನೋಡಿದರೆ ಅವನ ಮೈಯೆಲ್ಲ ಬೆವರು. ಗೋಡೆ ತುಂಬ ಹುಳ ಹರಿಯುತ್ತಿವೆ ಎಂದು ಎರಡೂ ಕೈ ಬೀಸುತ್ತಿದ್ದ. ಗೋಡೆಯ ಮೇಲೆ ಒಂದೇ ಒಂದು ಹುಳ ಇರಲಿಲ್ಲ. ನೋಡನೋಡುತ್ತಿದ್ದಂತೆ ಕಣ್ಣು ಮೇಲಾಗಿ, ಹಲ್ಲು ಕಚ್ಚಿಕೊಂಡು, ಫಿಟ್ಸ್ ಬಂದು ಬಿದ್ದ. ಬಣ್ಣದಕ್ಕ ಮಹಡಿ ಹತ್ತಿ ಓಡಿ ಮೇಲಿನ ಮನೆಯ ನರ್ಸಮ್ಮನ ಬಾಗಿಲು ಬಡಿದಳು. ನರ್ಸಮ್ಮ ಬಂದವರೇ, ಮಗನ ಬಾಯಿಗೆ ಚಮಚ ತುರುಕಲು ಹೊರಟಿದ್ದ ಅತ್ತೆಯನ್ನು ತಡೆದು, ಅವನನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್‌ಗೆ ಫೋನ್ ಮಾಡಿದರು.

ಅವನ ಜೀವ ಉಳಿಯಿತು. ಅದು ಖಾತ್ರಿಯಾದ ಮೇಲೆ ನರ್ಸಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಸೊಸೆಯನ್ನು ಎಡಕ್ಕೊಬ್ಬರು ಬಲಕ್ಕೊಬ್ಬರು ಕೂರಿಸಿಕೊಂಡರು. ಬೈಯುವ ಸ್ವಭಾವ ಅವರದಲ್ಲ, ಹಾಗೆಂದು ಬೆಣ್ಣೆ ಹಚ್ಚಿ ಮಾತಾಡುವವರೂ ಅಲ್ಲ.

“ದಿನಾ ಕುಡಿಯೋ ದೇಹ ಅದಕ್ಕೇ ಒಗ್ಗಿಹೋಗಿರುತ್ತೆ. ತಟ್ಟಂತ ನಿಲ್ಲಿಸಿದ್ರೆ ಹೀಗೆ ಜೀವಕ್ಕೇ ಕುತ್ತು ಬರಬಹುದು. ಬಿಡಿಸ್ಬೇಕು ಅಂದ್ಕೊಂಡಿದ್ದು ಸರಿ, ಚಿಲಕ ಹಾಕಿದ್ದು ತಪ್ಪು. ಬಿಡಿಸೋ ಕೆಲಸ ಡಾಕ್ಟರ ಕಣ್ಣೆದುರಿಗೆ ಆಗ್ಬೇಕು.”

ಹಾಗಾದರೆ ನನ್ನ ಮಗನಿಗೆ ಛಲವೇ ಇಲ್ಲವೇ ಎಂದು ಅತ್ತೆ ಮುಖ ಊದಿಸಿದರು.

“ಅಮ್ಮ, ನಿಮಗೆ ಬಿ.ಪಿ. ಇದೆ. ಛಲ ಮಾಡಿ ಇಳಿಸ್ಕೊಳ್ಳಿ, ಮಾತ್ರೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ಸುಮ್ಮನಿರ್ತೀರಾ? ಇದೂ ಕಾಯಿಲೆನೇ. ಛಲ ಬೇಕು, ಆದ್ರೆ ಅದೊಂದೇ ಸಾಲಲ್ಲ.”

ಆಮೇಲೆ ನರ್ಸಮ್ಮ ಬಿಡಿಸಿ ಹೇಳಿದರು. ಚಟ ಬಿಡಿಸುವ ಕೇಂದ್ರದಲ್ಲಿ ಉಳಿದುಕೊಂಡೇ ಚಿಕಿತ್ಸೆ ತೆಗೆದುಕೊಳ್ಳಬಹುದು. ಮೊದಲು ಔಷಧಿ ಕೊಟ್ಟು ಮೈಯಿಂದ ಕುಡಿತ ಇಳಿಸುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ, ಅಸಲಿ ಕೆಲಸ ಅಲ್ಲಿಂದಲೇ ಶುರು. ಯಾವಾಗ ಬೇಕೆನಿಸುತ್ತದೆ, ಯಾಕೆ ಬೇಕೆನಿಸುತ್ತದೆ, ಆಗ ಏನು ಮಾಡಬೇಕು ಎಂದು ಸಲಹೆಗಾರರ ಜೊತೆ, ಅದೇ ಪಾಡು ಪಟ್ಟವರ ಜೊತೆ ಕೂತು ಕಲಿಯಬೇಕು. ಮನೆಯವರನ್ನೂ ಕರೆಸಿ ಮಾತಾಡುತ್ತಾರೆ. ಎಲ್ಲ ಕೇಂದ್ರಗಳೂ ಒಂದೇ ಥರ ಅಲ್ಲ ಎಂಬ ಎಚ್ಚರಿಕೆಯನ್ನೂ ಹೇಳಿದರು. ಡಾಕ್ಟರ್ ಇದ್ದಾರಾ, ಸರ್ಕಾರದ ಅನುಮತಿ ಇದೆಯಾ, ಮನೆಯವರು ಬಂದು ನೋಡಬಹುದಾ ಎಂದು ಮೊದಲೇ ಕೇಳಬೇಕು. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆ ಅನ್ನುವ ಜಾಗದ ಹೊಸಿಲನ್ನೂ ತುಳಿಯಬಾರದು.

ಆದರೆ ನೇರಗೆರೆ ಒಪ್ಪಬೇಕಲ್ಲ. ಹಾಸಿಗೆಯಲ್ಲಿ ಮಲಗಿದ್ದವನು ತನ್ನ ಕೈಯನ್ನೇ ನೋಡುತ್ತಿದ್ದ. ಕುಡಿಯದಿದ್ದರೆ ಕೈ ನಡುಗುತ್ತದೆ, ಕೈ ನಡುಗಿದರೆ ಅನ್ನ ಹೋಗುತ್ತದೆ ಅಂದ. ಕೈ ನಡುಗಲು ಕುಡಿತವೇ ಕಾರಣ, ಅದನ್ನು ಕುಡಿತದಿಂದಲೇ ಮುಚ್ಚುತ್ತಾ ಬಂದಿದ್ದೀಯ ಎಂದು ಡಾಕ್ಟರು ವಿವರಿಸಿದರು. ಅವನಿಗೆ ಅರ್ಥವಾಯಿತು, ಧೈರ್ಯ ಬರಲಿಲ್ಲ.

“ಎಲ್ಲಾ ಮಾಡಿದ ಮೇಲೂ ಗೆರೆ ಬರದೇ ಹೋದ್ರೆ?” ಎಂದು ಹೆಂಡತಿಯನ್ನು ಕೇಳಿದ.

“ಬರದಿದ್ರೆ ನಾನು ಎಳೀತೀನಿ. ನನಗೆ ಗೆರೆ ಬೇಡ, ನೀವು ಬೇಕು.”

ಅವನು ಗೋಡೆ ಕಡೆ ಹೊರಳಿದ. ಆಮೇಲೆ ಆಯಿತು ಅಂದ.

ಈಗ ಅತ್ತೆಯ ಸರದಿ. ಮಗನನ್ನು ಕಳಿಸಲು ಅವರ ತಕರಾರಿಲ್ಲ, ಊರಿಗೆ ಗೊತ್ತಾಗಬಾರದು ಅಷ್ಟೇ. ಯಾವುದೋ ದೊಡ್ಡ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿದ್ದಾನೆ ಎಂದು ಹೇಳಿಬಿಡೋಣ, ಇಲ್ಲದಿದ್ದರೆ ತಲೆ ಎತ್ತಿಕೊಂಡು ಓಡಾಡುವುದು ಹೇಗೆ ಎಂದು ಗೋಳಾಡಿದರು. ಬಣ್ಣದಕ್ಕನಿಗೆ ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು.

“ಅತ್ತೆ, ಏಣಿಯಿಂದ ಬಿದ್ದಾಗ ಊರೆಲ್ಲಾ ನೋಡ್ತು. ವಾಸಿ ಮಾಡಿಸ್ಕೊಳ್ಳೋಕೆ ಹೋಗುವಾಗ ಮಾತ್ರ ಕದ್ದು ಹೋಗ್ಬೇಕಾ? ಅವರು ಯಾರ ಮನೆ ದೋಚಿದ್ದಾರೆ? ನಾನು ಸುಳ್ಳು ಹೇಳಲ್ಲ.”

ಹೇಳಿ ಸುಮ್ಮನಾಗಲಿಲ್ಲ. ಗಂಡನನ್ನು ಕೇಂದ್ರಕ್ಕೆ ಬಿಟ್ಟು ಬರುವ ಮುಂಚೆ, ಇದ್ದದ್ದು ಬರೆದು ಅಂಗಡಿಗೆ ಬೋರ್ಡು ಹಾಕಲೇ ಎಂದು ಅವನನ್ನೇ ಕೇಳಿದಳು. ಹಾಕು, ಅಕ್ಷರ ಮಾತ್ರ ಸರಿಯಾಗಿ ಬರೆ ಅಂದ. ಜೀವಮಾನವಿಡೀ ಬಣ್ಣ ಕಲಸಿದ್ದಳೇ ಹೊರತು ಕುಂಚ ಹಿಡಿದವಳಲ್ಲ. ಹಲಗೆ ನೆಲಕ್ಕೆ ಹಾಕಿ, ನಾಲಿಗೆ ಕಚ್ಚಿಕೊಂಡು, ಇದ್ದುದರಲ್ಲೇ ಗಾಢವಾದ ಕೆಂಪಿನಲ್ಲಿ ಬರೆದು ಅಂಗಡಿಯ ಬಾಗಿಲಿಗೆ ತೂಗುಹಾಕಿದಳು: “ಪೇಂಟರ್ ಕುಡಿತ ಬಿಡುವ ಚಿಕಿತ್ಸೆಗೆ ಹೋಗಿದ್ದಾರೆ. ವಾಸಿಯಾಗಿ ಬರುತ್ತಾರೆ. ಕೆಲಸ ಇದ್ದವರು ಕಾಯಿರಿ.”

ಬೀದಿಗೆ ಹಬ್ಬವೋ ಹಬ್ಬ. ಎದುರಿನ ಬೀಗ ರಿಪೇರಿಯವನು ಎಲ್ಲರಿಗೂ ಕೇಳುವಂತೆ, “ಅಕ್ಕ, ಅಕ್ಷರಗಳೂ ಒಂದೊಂದು ಪೆಗ್ ಹಾಕ್ಕೊಂಡಿರೋ ಹಾಗಿವೆ” ಅಂದ. “ಸೊಟ್ಟ ಇರ್ಲಿ ಬಿಡಪ್ಪ, ಸುಳ್ಳಿಲ್ಲ” ಎಂದು ಬಣ್ಣದಕ್ಕ ಅಂಗಡಿ ಗುಡಿಸಲು ಶುರು ಮಾಡಿದಳು. ಒಳಗೆ ಹೋಗಿ ಅತ್ತದ್ದೂ ಉಂಟು, ಆದರೆ ಬೋರ್ಡು ತೆಗೆಯಲಿಲ್ಲ.

ಸ್ವಲ್ಪ ದಿನಕ್ಕೆ ಕೇಂದ್ರದಿಂದ ಅವನ ಫೋನ್ ಬಂತು. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ನನಗೆ ಪೂರ್ತಿ ಗುಣವಾಗಿದೆ, ಕರೆದುಕೊಂಡು ಹೋಗಿ ಎಂದು ತಾಯಿಯ ಹತ್ತಿರ ಅತ್ತ. ಹೆತ್ತ ಕರುಳು ತಡೆಯಲಿಲ್ಲ, ಅತ್ತೆ ಚೀಲ ಹಿಡಿದು ಹೊರಟೇಬಿಟ್ಟರು. ಕರೆಯುತ್ತಿರುವುದು ನಿಮ್ಮ ಮಗ ಅಲ್ಲ, ಬಾಟಲಿ ಎಂದು ಬಣ್ಣದಕ್ಕ ಅಡ್ಡ ನಿಂತಳು. ಕೊನೆಗೆ ಇಬ್ಬರೂ ಮನೆಯವರ ಸಭೆಗೆಂದು ಕೇಂದ್ರಕ್ಕೆ ಹೋದರು. ಅಲ್ಲಿ ದೊಡ್ಡ ಮನೆಯವರಿದ್ದರು, ಕೂಲಿಯವರಿದ್ದರು, ಮಾತ್ರೆಯ ಚಟಕ್ಕೆ ಬಿದ್ದ ಮಗಳ ತಾಯಿಯೊಬ್ಬರಿದ್ದರು. ಆ ತಾಯಿ, ಇಂಥದೇ ಫೋನ್ ಬಂದಾಗ ನಾನು ಅರ್ಧದಲ್ಲೇ ಕರೆದುಕೊಂಡು ಹೋಗಿ ಮಗಳನ್ನು ಕಳೆದುಕೊಳ್ಳುವುದರಲ್ಲಿದ್ದೆ, ಈಗ ಎರಡನೇ ಸಲ ಬಂದಿದ್ದೇನೆ ಅಂದರು. ಅತ್ತೆ ಮಗನ ತಲೆ ಸವರಿ, ಮುಗಿಸಿಕೊಂಡೇ ಬಾ ಎಂದು ಹೇಳಿ ಎದ್ದರು.

ಅವನು ಮುಗಿಸಿಕೊಂಡೇ ಬಂದ. ಪವಾಡವೇನೂ ಆಗಲಿಲ್ಲ. ಗೆರೆ ಒಮ್ಮೊಮ್ಮೆ ಇನ್ನೂ ಸೊಟ್ಟಗೆ ಬರುತ್ತದೆ, ಒರೆಸಿ ಮತ್ತೆ ಎಳೆಯುತ್ತಾನೆ. ಬೇಕೆನಿಸುವ ಸಂಜೆಗಳು ಈಗಲೂ ಬರುತ್ತವೆ, ಆಗ ಸಲಹೆಗಾರರಿಗೆ ಫೋನ್ ಮಾಡುತ್ತಾನೆ. ಜಾರಿದರೆ ಮುಚ್ಚಿಡದೆ ತಕ್ಷಣ ಬಾ, ಜಾರುವುದು ಸೋಲಲ್ಲ ಎಂದು ಅವರು ಹೇಳಿ ಕಳಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ಅತ್ತೆ ಒಬ್ಬರೇ ಅಂಗಡಿಯಲ್ಲಿ ಕೂತಿದ್ದರು. ಬೀಗ ರಿಪೇರಿಯವನು ಬಂದ. ಅತ್ತ ಇತ್ತ ನೋಡಿದ. ಬಣ್ಣದ ಬೆಲೆ ಕೇಳಿದ, ಬಿಸಿಲಿನ ಮಾತಾಡಿದ. ಕೊನೆಗೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. “ಅಮ್ಮ, ಆ ಜಾಗ ಎಲ್ಲಿರೋದು? ನನ್ನ ಮಗ ಅದೇನೋ ಸೇದ್ತಾನೆ. ನನಗೆ ದಿಕ್ಕೇ ತೋಚ್ತಿಲ್ಲ.”

ಊರಿಗೆ ಗೊತ್ತಾಗಬಾರದು ಎಂದು ಅತ್ತಿದ್ದ ಅದೇ ಅತ್ತೆ, ಸ್ಟೂಲು ಅವನ ಕಡೆ ಎಳೆದರು.

“ಕೂತ್ಕೋ, ಹೇಳ್ತೀನಿ. ಆದ್ರೆ ಪಿಸುಗುಟ್ಬೇಡ. ಜೋರಾಗಿ ಕೇಳು. ಕಾಯಿಲೆಗೆ ಔಷಧಿ ಕೇಳೋದಕ್ಕೆ ಯಾರಪ್ಪನ ಅಪ್ಪಣೆ ಬೇಕು?”

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಇಂಥ ನೋವು ಇದ್ದರೆ ಕೋಣೆಗೆ ಚಿಲಕ ಹಾಕಬೇಡಿ, ಬಾಯಿಗೂ ಹಾಕಿಕೊಳ್ಳಬೇಡಿ. ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಚಟ ಬಿಡಿಸುವ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ನಗುವವರು ನಗಲಿ. ನೀವು ಜೋರಾಗಿ ಕೇಳಿ.